ದಾದಿಯ ಕಣ್ಣಿಗೆ ಒಂದು ಹನಿ

“ಕಣ್ಣು ಬಿಡಿ ದಾದಿ! ಒಂದೇ ಒಂದು ಡ್ರಾಪು.”

“ಬಿಡಲ್ಲ. ರಾತ್ರಿ ಹಾಕಿದ್ದೇ ಕಹಿ ಗಂಟಲಿಗೆ ಇಳೀತು. ಹಗಲು ಹಾಕಿ ರೋಜಾ ಮುರಿದ್ರೆ?”

ಮಿಸ್ಬಾ ಔಷಧಿಯ ಬಾಟಲಿ ಹಿಡಿದು ನಿಂತೇ ಇದ್ದಳು. ದಾದಿಗೆ, ಅಂದರೆ ಅವಳ ಅಪ್ಪನ ಅಮ್ಮನಿಗೆ, ಕಣ್ಣಿನ ಪೊರೆಯ ಆಪರೇಷನ್ ಆಗಿ ಎರಡು ದಿನವಾಗಿತ್ತು. ಹಗಲಲ್ಲೂ ಔಷಧಿ ಹಾಕದಿದ್ದರೆ ಕೀವಾಗಿ ದೃಷ್ಟಿಯೇ ಹೋಗಬಹುದು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಆದರೆ ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುತ್ತಲೇ ವಯಸ್ಸಾದ ದಾದಿ, ಒಂದು ರಂಜಾನಿನಲ್ಲೂ ರೋಜಾದ ಉಪವಾಸ ತಪ್ಪಿಸಿದವರಲ್ಲ.

“ಫೋನಲ್ಲಿ ನೋಡ್ದೆ ದಾದಿ. ಒಬ್ರು ಹಾಕ್ಬಹುದು ಅಂತಾರೆ, ಇನ್ನೊಬ್ರು ಬೇಡ ಅಂತಾರೆ.”

“ನಿನ್ನ ಫೋನು ರೋಜಾ ಇರುತ್ತೇನೇ? ಹೋಗು, ಹಜ್ರತ್‌ನ ಕೇಳ್ಕೊಂಡು ಬಾ.”

ಅವರು ಈಗ ಇರುವ ಲಗ್ಗೆರೆಯ ಗಲ್ಲಿಯ ಕೊನೆಯಲ್ಲೇ ಮಸೀದಿ. ಮಕ್ಕಳಿಗೆ ಅರಬ್ಬಿ ಕಲಿಸುವ ಮುನವ್ವರ್ ಹಜ್ರತ್ ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದು ಒಳಗೆ ಹೋಗುತ್ತಾ? ನಂಗೊತ್ತಿಲ್ಲ. ಡಾಕ್ಟರ್ ನಂಬರ್ ಇದೆಯಾ ಬೇಟಿ?”

ಡಾಕ್ಟರಮ್ಮನ ದನಿ ಫೋನಿನ ಸ್ಪೀಕರಿನಲ್ಲಿ ಬಂತು. “ಕಣ್ಣಿನ ಮೂಲೆಯಿಂದ ಮೂಗಿಗೆ ಸಣ್ಣ ದಾರಿ ಇದೆ ಸಾರ್. ಒಂಚೂರು ಗಂಟಲಿಗೆ ಬರುತ್ತೆ. ಆದ್ರೆ ಸಂಜೆವರೆಗೂ ತಡೆಯೋ ಹಾಗಿಲ್ಲ.”

ಹಜ್ರತ್ ಧರ್ಮನಿಯಮಗಳ ಹಳೆಯ ದಪ್ಪ ಪುಸ್ತಕವೊಂದನ್ನು ತೆಗೆದು ನಿಧಾನವಾಗಿ ಹಾಳೆ ಮಗುಚಿದರು.

“ಐ ಡ್ರಾಪ್ಸ್ ಇದರಲ್ಲಿ ಇಲ್ಲವೇ ಇಲ್ಲ.”

ಮಿಸ್ಬಾ ಬಾಟಲಿ ವಾಪಸು ಪಡೆಯಲು ಕೈಚಾಚಿದಳು.

“ಇರಮ್ಮ. ಆ ಕಾಲದಲ್ಲಿ ಡ್ರಾಪ್ಸ್ ಎಲ್ಲಿತ್ತು? ಕಣ್ಣಿಗೆ ಸುರ್ಮಾ ಹಚ್ತಿದ್ರು. ರೋಜಾ ಇದ್ದಾಗ ಹಚ್ಚಿ, ಗಂಟಲಲ್ಲಿ ರುಚಿ ಬಂದ್ರೂ ರೋಜಾ ಮುರಿಯಲ್ಲ ಅಂತ ಬರ್ದಿದಾರೆ ನೋಡು.”

“ಸುರ್ಮಾ ಪುಡಿ ಅಲ್ವಾ ಹಜ್ರತ್? ಇದು ನೀರು.”

“ಭಲೇ ಕಿಲಾಡಿ ನೀನು! ನಾನೂ ಅದನ್ನೇ ಯೋಚಿಸ್ತಿದ್ದೆ. ಪುಡಿಯಾಗ್ಲಿ ನೀರಾಗ್ಲಿ, ಹಾಕೋದು ಅದೇ ಕಣ್ಣಿಗೆ, ಬರೋದೂ ಅದೇ ದಾರೀಲಿ.”

ಆದರೂ ಅವರು ತಮಗೆ ಓದಿಸಿದ ಉಸ್ತಾದರಿಗೆ ಫೋನ್ ಮಾಡಿ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಆಮೇಲೆ ಬಾಟಲಿಯನ್ನು ಮಿಸ್ಬಾಳ ಕೈಗಿಟ್ಟರು. “ಹಾಕು. ರೋಜಾಗೆ ಏನೂ ಆಗಲ್ಲ ಅಂತ ದಾದಿಗೆ ಹೇಳು.”

ಈ ಸಲ ದಾದಿ ತಾವೇ ಮುಖ ಮೇಲೆತ್ತಿ ಕಣ್ಣು ಬಿಟ್ಟರು. ಹನಿ ಬಿತ್ತು. ಸ್ವಲ್ಪ ಹೊತ್ತಿನ ಮೇಲೆ, “ಕಹಿ ಕಣೇ,” ಎಂದು ನಕ್ಕರು.

ಸಂಜೆ ಖರ್ಜೂರ ಮುಟ್ಟುವ ಮೊದಲು ಇಬ್ಬರೂ ಕೈಯೆತ್ತಿದರು, ದಾದಿ ದುವಾ ಕೇಳಿದರು. ಡಾಕ್ಟರಮ್ಮ ಚೆನ್ನಾಗಿರಲಿ, ಹಜ್ರತ್ ಚೆನ್ನಾಗಿರಲಿ, ಸುರ್ಮಾ ವಿಷಯ ಬರೆದಿಟ್ಟ ಆ ದೊಡ್ಡೋರಿಗೂ ಒಳ್ಳೇದಾಗಲಿ.

“ಅವರ ಹೆಸರೇನು ದಾದಿ?”

“ಯಾರಿಗ್ಗೊತ್ತು? ಹೋಗಿ ಎಷ್ಟು ನೂರು ವರ್ಷ ಆಯ್ತೋ.”

ಮಿಸ್ಬಾ ದಾದಿಯ ಕಣ್ಣನ್ನೇ ನೋಡಿದಳು. ಆಮೇಲೆ ಇಳಿಸಿದ್ದ ಕೈಗಳನ್ನು ಮತ್ತೆ ಎತ್ತಿದಳು, ಇಂಥದ್ದೊಂದು ಬಾಟಲಿಯನ್ನು ಎಂದೂ ಕಂಡಿರದ ಆ ಒಬ್ಬರಿಗಾಗಿ.