ರಂಗೋಲಿಯ ಮೇಲೆ ಮೂರು ಬೆರಳಿನ ಅಚ್ಚು

"ಒಡೀಲಿಲ್ಲ! ಅಯ್ಯೋ ದೇವುಡಾ, ನಿಂಬೆಹಣ್ಣು ಒಡೀಲೇ ಇಲ್ಲ!"

ಅಜ್ಜಿ ಅಮ್ಮಾಜಮ್ಮ ಕೂಗಿದ ಕೂಗಿಗೆ ಜಗಲಿಯ ಮೇಲಿದ್ದ ಕೋಳಿ ಹಾರಿ ಬೀದಿಗೆ ಬಿತ್ತು. ಕಾರಿನೊಳಗೆ ಕೂತಿದ್ದ ಮುನಿಶಾಮಿ ಚಿಕ್ಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನಮ್ಮಾ ಅದು ಗಲಾಟೆ?"

"ಹಿಂದಿನ ಚಕ್ರದವು ಎರಡೂ ಪಚ್ಚಂತ ಒಡೆದ್ವು ಕಣೋ. ಮುಂದಿನವು ಜಾರ್ಕೊಂಡು ಈಚೆ ಬಂದ್ಬಿಟ್ವು. ನೋಡು, ಹೆಂಗಿದ್ವೋ ಹಂಗೇ ಅವೆ! ಒಳ್ಳೆ ಕೆಲಸಕ್ಕೆ ಹೊರಟಾಗ ಹಿಂಗಾಗಬಾರದಪ್ಪ."

"ನೀನು ಸರಿಯಾಗಿ ಇಟ್ಟಿಲ್ಲ ಅಷ್ಟೆ."

"ಹೆಂಗೋ ಇಡ್ಲಿ? ಕಾರು ನೆಲಕ್ಕೆ ಮೂಗು ಉಜ್ಜೋ ಹಂಗೆ ಕೂತೈತೆ. ಒಳಗೆ ಕೈಯೇ ಹೋಗಲ್ಲ!"

ಅಂದು ಭಾನುವಾರ. ಗೌರಿಬಿದನೂರಿನಲ್ಲಿ ಚಿಕ್ಕಪ್ಪನಿಗೆ ಹೆಣ್ಣು ನೋಡಲು ಹೊರಟಿದ್ದರು. ಹನ್ನೊಂದು ಗಂಟೆಯೊಳಗೆ ಆ ಮನೆಯ ಹೊಸಿಲು ದಾಟಿದರೆ ಒಳ್ಳೆಯದು ಎಂದು ಜೋಯಿಸರು ಹೇಳಿದ್ದರು. ಅಪ್ಪ ಅಮ್ಮ ಬರುವಂತಿರಲಿಲ್ಲ. ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು. ಒಂದು ಗಂಟೆಯೂ ಬಿಟ್ಟು ಹೋಗಲಾಗದು. ಹಾಗಾಗಿ ಹೊರಟವರು ತಾತ, ಅಜ್ಜಿ, ಚಿಕ್ಕಪ್ಪ ಮತ್ತು ಐದನೇ ಕ್ಲಾಸಿನ ಗಂಗರತ್ನ. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ರತ್ನಿ.

ರತ್ನಿ ನಾಲ್ಕು ಗಂಟೆಗೇ ಎದ್ದಿದ್ದಳು. ಹಸಿರು ಲಂಗ, ಎರಡು ಜಡೆ, ಎರಡಕ್ಕೂ ಮಲ್ಲಿಗೆ. ಚಿಕ್ಕಮ್ಮ ಬರುತ್ತಾಳೆ! ಕುಂಟೆಬಿಲ್ಲೆ ಆಡುತ್ತಾಳೋ ಇಲ್ಲವೋ? ಗಣಿತ ಹೇಳಿಕೊಡುತ್ತಾಳೋ, ಅಪ್ಪನ ಹಾಗೆ ತಲೆ ಮೇಲೆ ಮೊಟಕುತ್ತಾಳೋ?

ಆ ಖುಷಿಯಲ್ಲೇ ಅವಳು ನೀರು ಚಿಮುಕಿಸಿ, ಕಾರಿನ ಮುಂದೆ ಅಗಲವಾದ ತಾವರೆಯ ರಂಗೋಲಿ ಬಿಡಿಸಿದ್ದಳು. ಈಗ ಕಾರು ಎರಡು ಮಾರು ಮುಂದೆ ಬಂದು, ಮುಂದಿನ ಚಕ್ರಗಳು ತಾವರೆಯನ್ನು ತುಳಿದು ನಿಂತಿದ್ದವು. ಹೂವು ಎಷ್ಟು ಉಳಿದಿದೆಯೋ ನೋಡೋಣ ಎಂದು ರತ್ನಿ ಬಗ್ಗಿದಳು.

ಅರೆ!

ಟೈರು ಅಷ್ಟು ಅಗಲ. ರಂಗೋಲಿಯ ಮೇಲೆ ಬಿದ್ದ ಅಚ್ಚು ಮಾತ್ರ ಮೂರೇ ಬೆರಳು. ಚಕ್ರದ ಒಳಬದಿಯಲ್ಲಿದ್ದ ಗೆರೆಗಳು ಅಳಿಸಿ ಹೋಗಿದ್ದವು. ಹೊರಬದಿಯ ದಳಗಳು, ಟೈರಿನ ಕೆಳಗೇ ಇದ್ದರೂ, ಬಿಡಿಸಿದ ಹಾಗೇ ಇದ್ದವು.

ಅವಳು ಹಿಂದಿನ ಚಕ್ರಕ್ಕೆ ಓಡಿದಳು. ಒದ್ದೆ ನೆಲದ ಮೇಲೆ ಅದರ ಅಚ್ಚು ಪೂರ್ತಿ ಅಗಲಕ್ಕೆ ಬಿದ್ದಿತ್ತು. ಮತ್ತೆ ಮುಂದಕ್ಕೆ ಓಡಿ ಬಂದು, ಮಂಡಿಯೂರಿ, ತನ್ನ ಸಣ್ಣ ಕೈಯನ್ನು ಚಕ್ರದ ಒಳಬದಿಗೆ ತೂರಿಸಿದಳು.

ಹೊರ ಅಂಚಿನಲ್ಲಿ ಟೈರಿನ ಗೀರುಗಳು ಆಳವಾಗಿ ಬೆರಳಿಗೆ ಸಿಕ್ಕವು. ನಡುವೆ ನುಣ್ಣಗಿತ್ತು. ಒಳ ಅಂಚಿಗೆ ಬಂದಾಗ ಏನೋ ಜುಂಗು ಜುಂಗಾಗಿ ಕೈಗೆ ಹತ್ತಿತು. ಕಿತ್ತು ತೆಗೆದಳು.

ನೂಲು.

"ರತ್ನೀ, ಲಂಗ ಮಣ್ಣಾಯ್ತದೆ, ಹತ್ತು ಬೇಗ! ಎಂಟೂವರೆ ಆಯ್ತು," ಎಂದು ಚಿಕ್ಕಪ್ಪ ಹಾರ್ನ್ ಒತ್ತಿದ.

ರತ್ನಿ ಎದ್ದು ನಿಂತಳು. ಆದರೆ ಕಾರು ಹತ್ತಲಿಲ್ಲ. ಯಾಕೆಂದರೆ ಕಾರು ಯಾಕೆ ನೆಲಕ್ಕೆ ಮೂಗು ಉಜ್ಜುತ್ತದೆ ಎಂದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಚಿಕ್ಕಪ್ಪನಿಗೆ ಮತ್ತು ಅವಳಿಗೆ.

ಎರಡು ತಿಂಗಳ ಹಿಂದೆ ಚಿಕ್ಕಪ್ಪ ಅವಳನ್ನು ಚಿಂತಾಮಣಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಒಂದು ಗ್ಯಾರೇಜಿನಲ್ಲಿ ಕಾರಿನ ಸ್ಪ್ರಿಂಗುಗಳನ್ನು ಬಿಚ್ಚಿಸಿ, ಒಂದೊಂದರಲ್ಲೂ ಎರಡೆರಡು ಸುತ್ತು ಕತ್ತರಿಸಿ ತೆಗೆಸಿದ. ಕಿಡಿಗಳು ಸುರುಸುರುಬತ್ತಿಯ ಹಾಗೆ ಹಾರಿದ್ದವು. ಕಾರು ಕೆಳಗಿಳಿದು ಕೂತಾಗ ಚಿಕ್ಕಪ್ಪ ಸುತ್ತಲೂ ಮೂರು ಸಲ ತಿರುಗಿ, "ರೇಸ್ ಕಾರ್ ಥರ ಇಲ್ವೇನೇ? ಏನ್ ಸ್ಟೈಲು!" ಎಂದಿದ್ದ.

"ಇದನ್ನ ಇಳಿಸಿದ್ಮೇಲೆ ಚಕ್ರ ಓರೆ ಆಗ್ತದೆ ಸಾರ್," ಎಂದಿದ್ದ ಗ್ಯಾರೇಜಿನವನು. "ಅಲೈನ್‌ಮೆಂಟ್ ಮಾಡಿಸ್ಲೇಬೇಕು. ಇಲ್ದಿದ್ರೆ ಟೈರು ತಿಂದ್ಹಾಕ್ತದೆ."

"ಮುಂದಿನ ವಾರ ಮಾಡಿಸ್ತೀನಿ ಬಿಡಪ್ಪ."

ಆ ಮುಂದಿನ ವಾರ ಬಂದೇ ಇರಲಿಲ್ಲ. ವಾಪಸ್ಸು ಬರುವಾಗ ಚಿಕ್ಕಪ್ಪ ಎರಡು ಐಸ್‌ಕ್ಯಾಂಡಿ ಕೊಡಿಸಿ, "ತಾತನಿಗೆ ಹೇಳಲ್ಲ ಅಂತ ದೇವರಾಣೆ ಮಾಡು," ಎಂದ. ಕಾರು ತಾತನದು. ಗೂಡು ಮಾರಿದ ದುಡ್ಡಿನಲ್ಲಿ ಸೆಕೆಂಡ್‌ಹ್ಯಾಂಡಿಗೆ ಕೊಂಡದ್ದು. ರತ್ನಿ ಕ್ಯಾಂಡಿ ಚೀಪುತ್ತಲೇ ಆಣೆ ಇಟ್ಟಿದ್ದಳು.

"ತಾತಾ," ಎಂದಳು ಈಗ. ದನಿ ಸಣ್ಣಗಾಗಿತ್ತು. "ಇದು ಟೈರಿಂದ ಬಂತು."

ತಾತ ವೆಂಕಟರಾಮಪ್ಪನವರು ಆ ಎಳೆಯನ್ನು ಬೆಳಕಿಗೆ ಹಿಡಿದರು. ನಲವತ್ತು ವರ್ಷ ರೇಷ್ಮೆ ಸಾಕಿದ ಕೈ. ನೂಲು ಎಂದರೆ ಅವರಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಅವರೂ ಬಗ್ಗಿದರು.

"ಶಾಮೀ, ಇಳಿಯೋ ಕೆಳಗೆ. ಯುಗಾದಿಗೆ ಹಾಕ್ಸಿದ ಹೊಸ ಟೈರಿದು. ಇಷ್ಟು ಬೇಗ ಹೆಂಗೋ ಸವೀತು?"

"ರೋಡು ಸರಿ ಇಲ್ಲಪ್ಪ. ಗುಂಡಿ ಜಾಸ್ತಿ."

"ಹಿಂದಿನ ಟೈರು ಬೇರೆ ರೋಡಲ್ಲಿ ಹೋಗ್ತದಾ?"

ಚಿಕ್ಕಪ್ಪ ರತ್ನಿಯ ಕಡೆಗೊಮ್ಮೆ ನೋಡಿದ. ಹೊಸ ಶರ್ಟು, ಹಣೆಗೆ ಕುಂಕುಮ, ಕಣ್ಣಲ್ಲಿ ಮಾತ್ರ 'ಬೇಡ ಕಣೇ' ಎಂಬ ಬೇಡಿಕೆ.

ರತ್ನಿಗೆ ಅಳು ಬಂತು. ಹೇಳಿದರೆ ಆಣೆ ಮುರಿಯುತ್ತದೆ, ಗೌರಿಬಿದನೂರೂ ತಪ್ಪುತ್ತದೆ. ಹೇಳದಿದ್ದರೆ? ಹಿಂದಿನ ಸೀಟಿನಲ್ಲಿ ಅಜ್ಜಿ ಆಗಲೇ ಹಣ್ಣಿನ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ತಾತಾ, ಹೇಳಲ್ಲ ಅಂತ ನಾನು ದೇವರಾಣೆ ಇಟ್ಟಿದ್ದೀನಿ. ಅದಕ್ಕೇ ಹೇಳಲ್ಲ. ಆದ್ರೆ ಈ ಕಾರಲ್ಲಿ ಹೋಗೋದು ಬೇಡ. ಬೇಡವೇ ಬೇಡ!"

ತಾತ ಮೆಲ್ಲಗೆ ಮಗನ ಕಡೆ ತಿರುಗಿದರು. ಚಿಕ್ಕಪ್ಪ ತನ್ನ ಚಪ್ಪಲಿಯನ್ನು ನೋಡಿಕೊಂಡ.

"ಸ್ಪ್ರಿಂಗ್ ಕಟ್ ಮಾಡ್ಸಿದ್ದೆ ಅಪ್ಪ. ಸ್ಟೈಲಿಗೆ. ಅವಳಿಗೆ ಆಣೆ ಹಾಕ್ಸಿದ್ದೂ ನಾನೇ."

ತಾತ ಬಯ್ಯಲಿಲ್ಲ. ಬೀದಿಯ ಕೊನೆಯ ಶೆಡ್ಡಿನಿಂದ ಮೆಕ್ಯಾನಿಕ್ ಬಯ್ಯಪ್ಪನನ್ನು ಕರೆಸಿದರು. ಬಯ್ಯಪ್ಪ ಬೀಡಿ ಎಸೆದು, ಕಾರಿನ ಕೆಳಗೆ ತೂರಿ, ಎರಡೇ ನಿಮಿಷದಲ್ಲಿ ಹೊರಗೆ ಬಂದ.

"ಎರಡೂ ಕಡೆ ಒಳಗಡೆ ನೂಲು ಕಾಣ್ತದೆ ಯಜಮಾನ್ರೇ. ಸ್ಟೆಪ್ನಿ ಇರೋದು ಒಂದು. ಮಂಚೇನಹಳ್ಳಿ ತಿರುವಲ್ಲಿ ಸ್ಪೀಡಾಗಿ ಹೋಗುವಾಗ ಢಮಾರ್ ಅಂದಿದ್ರೆ..." ಅಷ್ಟಕ್ಕೇ ನಿಲ್ಲಿಸಿ ರತ್ನಿಯನ್ನು ನೋಡಿದ. "ಹೊರಗಿಂದ ಫಸ್ಟ್ ಕ್ಲಾಸಾಗಿ ಕಾಣ್ತದೆ. ಯಾರು ನೋಡಿದ್ದು ಇದನ್ನ? ಈ ಪಾಪುನಾ?"

"ಗೂಡಿನ ನೂಲು ಬಿಚ್ತಾ ಹೋದ್ರೆ ಒಳಗೆ ಹುಳವಾದ್ರೂ ಸಿಕ್ತದೆ," ಎಂದರು ತಾತ, ಎಳೆಯನ್ನು ಬೆರಳಿಗೆ ಸುತ್ತುತ್ತ. "ಇದರೊಳಗೆ ಗಾಳಿ ಬಿಟ್ರೆ ಏನಿದೆ? ನಡೀರಿ, ಬಸ್ಸಿಗೆ ಹೋಗಣ."

ಓಡಿದ್ದೇ ಓಡಿದ್ದು! ಅಜ್ಜಿಯ ಕೈಯಲ್ಲಿ ಹಣ್ಣಿನ ತಟ್ಟೆ, ತಾತನ ಕೈಯಲ್ಲಿ ಅಜ್ಜಿಯ ಕೈ, ಎಲ್ಲರಿಗಿಂತ ಮುಂದೆ ರತ್ನಿಯ ಎರಡು ಜಡೆ. "ಹೋಲ್ಡಾನ್! ಹೋಲ್ಡಾನ್!" ಎಂದು ಅವಳು ಕೂಗಿದ ಮೇಲೆ ಚಿಕ್ಕಬಳ್ಳಾಪುರದ ಬಸ್ಸು ನಿಂತಿತು. ಅಲ್ಲಿ ಇಳಿದು ಗೌರಿಬಿದನೂರಿನ ಇನ್ನೊಂದು ಬಸ್ಸು. ಅದರಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಅಜ್ಜಿ ದಾರಿಯುದ್ದಕ್ಕೂ ದೇವರ ನಾಮ ಗುನುಗಿದಳು. ಚಿಕ್ಕಪ್ಪ ರತ್ನಿಯಿಂದ ದೂರ, ಫುಟ್‌ಬೋರ್ಡಿನ ಹತ್ತಿರ ನಿಂತಿದ್ದ. ಇಸ್ತ್ರಿ ಶರ್ಟು ಮುದುರಿ, ಯಾರದೋ ಟೊಮೇಟೊ ಬುಟ್ಟಿ ತಗುಲಿ ತೋಳಿನ ಮೇಲೆ ಕೆಂಪು ಕಲೆ ಬಿದ್ದಿತ್ತು.

ಮಂಚೇನಹಳ್ಳಿಯ ತಿರುವಿನಲ್ಲಿ ಬಸ್ಸು ವಾಲಿತು. ಎದುರಿನಿಂದ ಲಾರಿಯೊಂದು ಭರ್ರನೆ ದಾಟಿತು. ರತ್ನಿ ಕಂಬಿಯನ್ನು ಗಟ್ಟಿಯಾಗಿ ಹಿಡಿದಳು. ಚಿಕ್ಕಪ್ಪನೂ ಆ ತಿರುವನ್ನೇ ನೋಡುತ್ತಿದ್ದ.

ಹೆಣ್ಣಿನ ಮನೆ ತಲುಪಿದಾಗ ಹನ್ನೆರಡು ಹೊಡೆದಿತ್ತು. ಹುಡುಗಿಯ ತಂದೆ ಗಂಗುಲಪ್ಪನವರು ಹಳೇ ಲಾರಿ ಡ್ರೈವರು. ಬಾಗಿಲಲ್ಲೇ ಆಚೆ ಈಚೆ ನೋಡಿದರು.

"ಬನ್ನಿ ಬನ್ನಿ. ಕಾರಲ್ಲಿ ಬರ್ತೀವಿ ಅಂದಿದ್ರಿ?"

"ಕಾರು ಸ್ವಲ್ಪ..." ಎಂದು ತಾತ ಕೆಮ್ಮಿದರು.

"ನಾನೇ ಕೆಡಿಸ್ದೆ ಸಾರ್," ಎಂದ ಚಿಕ್ಕಪ್ಪ. "ಸ್ಟೈಲಿಗೆ ಅಂತ ಸ್ಪ್ರಿಂಗ್ ಕಟ್ ಮಾಡ್ಸಿದ್ದೆ. ಅಲೈನ್‌ಮೆಂಟ್ ಮಾಡಿಸ್ಲಿಲ್ಲ. ಎರಡು ಟೈರು ಒಳಗಡೆಯಿಂದ ಸವೆದು ನೂಲು ಬಂದ್ಬಿಡ್ತು. ನಮ್ಮ ರತ್ನಿ ನೋಡ್ದೇ ಇದ್ದಿದ್ರೆ ನಾವು ಇಲ್ಲಿಗೆ ಬರ್ತಾನೇ ಇರ್ಲಿಲ್ಲ."

ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ತಲೆ ಎತ್ತಿದಳು. ಅವಳ ಹೆಸರು ಪ್ರಮೀಳ.

"ಎಷ್ಟು ಸುತ್ತು ಕಟ್ ಮಾಡ್ಸಿದ್ರಿ?"

"ಎ... ಎರಡು."

"ಎರಡಾ! ಒಂದೇ ಜಾಸ್ತಿ ಆಯ್ತದೆ. ಅಪ್ಪಾ, ಎರಡಂತೆ!" ಎಂದವಳಿಗೆ ನಗು ತಡೆಯಲಾಗಲಿಲ್ಲ. ಲೋಟಗಳು ಗಲಗಲ ಎಂದವು. ಗಂಗುಲಪ್ಪನವರು ನಕ್ಕರು, ತಾತ ನಕ್ಕರು, ಕೊನೆಗೆ ಚಿಕ್ಕಪ್ಪನೂ ನಕ್ಕ. ಎರಡು ತಿಂಗಳಿಂದ ಅವನು ಹಾಗೆ ನಕ್ಕದ್ದನ್ನು ರತ್ನಿ ಕೇಳಿರಲಿಲ್ಲ.

ವಾಪಸ್ಸು ಬರುವ ಬಸ್ಸಿನಲ್ಲಿ ಚಿಕ್ಕಪ್ಪ ಅವಳ ಪಕ್ಕದಲ್ಲೇ ಕೂತ.

"ಇನ್ಮೇಲೆ ನಿನ್ನ ಕೈಲಿ ಆಣೆ ಹಾಕ್ಸಲ್ಲ ಕಣಮ್ಮ."

"ಐಸ್‌ಕ್ಯಾಂಡಿ?"

"ಅದು ಕೊಡಿಸ್ತೀನಿ, ಕತ್ತೆ!"

ಮರುವಾರ ಬಯ್ಯಪ್ಪ ಹೊಸ ಸ್ಪ್ರಿಂಗು, ಹೊಸ ಟೈರು ಹಾಕಿದ. ಅಲೈನ್‌ಮೆಂಟಿಗೆ ಅವನ ಹತ್ತಿರ ಮೆಷಿನ್ ಇರಲಿಲ್ಲ, ಉದ್ದನೆಯ ದಾರವಿತ್ತು. ಹಿಂದಿನ ಚಕ್ರದಿಂದ ಮುಂದಿನ ಚಕ್ರದವರೆಗೆ ಅದನ್ನು ಬಿಗಿಯಾಗಿ ಎಳೆದು, ಚಕ್ರಕ್ಕೂ ದಾರಕ್ಕೂ ನಡುವಿನ ಸಂದನ್ನು ಸ್ಕೇಲಿನಲ್ಲಿ ಅಳೆಯುತ್ತಿದ್ದ. ದಾರದ ತುದಿ ಹಿಡಿದವಳು ರತ್ನಿ.

"ಅಲುಗಾಡಿಸ್ಬೇಡ ಪಾಪು. ಉಸಿರೂ ಬಿಡ್ಬೇಡ!"

ಉಸಿರು ಬಿಗಿಹಿಡಿದು ಅವಳ ಕೆನ್ನೆ ಎರಡೂ ಬಲೂನಾದವು. ಚಿಕ್ಕಪ್ಪ ಮಣ್ಣಿನಲ್ಲಿ ಅಂಗಾತ ಮಲಗಿ, ಬಯ್ಯಪ್ಪ ಹೇಳಿದಷ್ಟು ನಟ್ಟು ತಿರುಗಿಸಿದ. ಒಂದು ನೂಲಿನಷ್ಟು ಆಚೆ, ಒಂದು ನೂಲಿನಷ್ಟು ಈಚೆ.

ಮೂರು ತಿಂಗಳು ಕಳೆದು, ಮದುವೆ ಮುಗಿಸಿಕೊಂಡು ಕಾರು ಮನೆಯ ಮುಂದೆ ಬಂದು ನಿಂತಿತು. ಮದುವೆಗೆ ಹೊರಡುವಾಗ ನಾಲ್ಕೂ ನಿಂಬೆಹಣ್ಣು ಪಚ್ಚ್ ಎಂದಿದ್ದವು. ಅಜ್ಜಿ ಆರತಿ ತಟ್ಟೆ ಹಿಡಿದು, ಹೊಸಿಲ ಮೇಲೆ ಅಕ್ಕಿಯ ಸೇರು ಇಟ್ಟು ಕಾದಿದ್ದಳು.

ಕಾರಿನಿಂದ ಇಳಿದ ಪ್ರಮೀಳ ಹೊಸಿಲ ಕಡೆ ಹೋಗಲಿಲ್ಲ. ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು, ಮುಂದಿನ ಚಕ್ರದ ಹಿಂದೆ ಕುಕ್ಕರಗಾಲಲ್ಲಿ ಕೂತಳು. ಚಿಕ್ಕಪ್ಪನೂ ಬಾಸಿಂಗ ಸರಿಮಾಡಿಕೊಳ್ಳುತ್ತ ಅವಳ ಪಕ್ಕದಲ್ಲಿ ಕೂತ.

"ಅಯ್ಯೋ, ಸೇರು ಒದೆಯೋದು ಬಿಟ್ಟು ಟೈರು ನೋಡ್ತಾ ಕೂತವ್ರಲ್ಲಪ್ಪ!" ಎಂದಳು ಅಜ್ಜಿ.

"ರತ್ನೀ, ಬಾರಮ್ಮ," ಎಂದು ಹೊಸ ಚಿಕ್ಕಮ್ಮ ಕರೆದಳು. "ನಿನ್ನ ಕೈ ಇಟ್ಟು ನೋಡು."

ರತ್ನಿ ಬಂದು, ರಂಗೋಲಿಯ ಮೇಲೆ ಟೈರು ಬಿಟ್ಟ ಅಚ್ಚಿಗೆ ಕೈ ಇಟ್ಟಳು. ಮೂರು ಬೆರಳು ಸಾಲಲಿಲ್ಲ. ಐದೂ ಬೆರಳು ಬಿಡಿಸಿದಾಗ ಅಚ್ಚು ಸರಿಯಾಗಿ ತುಂಬಿತು.

ಬೆಳಿಗ್ಗೆ ಒಂದು ಗಂಟೆ ಕೂತು ಬಿಡಿಸಿದ ತಾವರೆಯಲ್ಲಿ, ಚಕ್ರ ಹೋದ ದಾರಿಯಲ್ಲಿ ಒಂದು ದಳವೂ ಉಳಿದಿರಲಿಲ್ಲ. ಅಂಗೈಗೆ ಮೆತ್ತಿದ ಬಿಳಿ ಪುಡಿಯನ್ನು ರತ್ನಿ ನೋಡಿಕೊಂಡಳು. ಲಂಗಕ್ಕೆ ಒರೆಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.