ಎಂಬತ್ತರಲ್ಲೇ ನಿಂತ ಅಂಕಿ

ಮುಂಜಾನೆ ಶೇಖಮ್ಮ ಬಸ್ಸಿಳಿದು ಬರುವಾಗಲೇ ಮೌನಪ್ಪ ಕೇಳಿಬಿಟ್ಟಿದ್ದ: "ನಮ್ಮವ್ವನ್ನ ದೇವದುರ್ಗಕ್ಕ ನಿಮ್ಮ ಮನೀಗೆ ಹೆಣ್ಣು ಕೇಳಾಕ ಕಳಿಸ್ಲೇನ್ರಿ, ಮೇಡಂ?"

ಅವಳು ತುಟಿ ಕಚ್ಚಿ ನಕ್ಕು, ಏನೂ ಹೇಳದೆ ಮಿಲ್ಲಿನೊಳಗೆ ಹೋಗಿದ್ದಳು.

ಅದು ೧೯೮೭. ಮಾನ್ವಿಯ ಆ ಅಕ್ಕಿ ಮಿಲ್ಲಿಗೆ ಕಂಪ್ಯೂಟರ್ ಬಂದು ಹದಿನೈದು ದಿನವಾಗಿತ್ತು. ಅದರ ಕರ್ನಲ್ಲಿಗೆ, ಅಂದರೆ ಯಂತ್ರವನ್ನೆಲ್ಲ ಆಳುವ ಒಳಗಿನ ಪ್ರೋಗ್ರಾಮಿಗೆ, ನಾಲ್ಕು ಪುಟ ಕೋಡ್ ಸೇರಿಸಿ, ಬಾಯ್ಲರಿನ ಒತ್ತಡ ಪರದೆಯ ಮೇಲೆ ಕಾಣುವಂತೆ ಮಾಡಿದವಳು ಶೇಖಮ್ಮ. ಬಾಯ್ಲರಿಗೆ ಹೊಟ್ಟು ಹಾಕುವವನು ಮೌನಪ್ಪ. ಹಳೆಯ ಮುಳ್ಳಿನ ಗೇಜಿಗೆ ಬೆನ್ನು ಕೊಟ್ಟು, ಅವಳ ಕಂಪ್ಯೂಟರ್ ಕೋಣೆಯ ಕಿಟಕಿಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಹುಡುಗ ಮರುಳಾಗಿದ್ದ, ಬೇರೇನಿಲ್ಲ.

"ಗೇಜ್ ನೋಡ್ರಿ, ನನ್ನಲ್ಲ," ಎಂದು ಅವಳು ಅವತ್ತೂ ಗದರಿದಳು.

"ನಿಮ್ಮ ಅಂಕಿ ಐತಲ್ರಿ. ಅದಕ್ಕಿಂತ ನಂಬಿಗೀದು ಯಾವುದು?"

ಆ ಮಾತಿಗೆ ಅವಳ ಜೀವ ಹಗುರಾಯಿತು. ಪರದೆ ನೋಡಿ "ಎಂಬತ್ತು" ಎಂದಳು. ಅವನು ಇನ್ನೊಂದು ಬುಟ್ಟಿ ಹೊಟ್ಟು ಸುರಿದ. ಚಹಾ ಬಂತು, ಕುಡಿದಳು. ಎಂಬತ್ತು. ಮತ್ತೊಂದು ಬುಟ್ಟಿ. ಎಂಬತ್ತು. ಗೋಡೆಯ ಕ್ಯಾಲೆಂಡರ್ ಸಣ್ಣಗೆ ಅದುರತೊಡಗಿತ್ತು. ಇಷ್ಟು ಹೊಟ್ಟು ಬಿದ್ದರೂ ಒತ್ತಡ ಒಂದು ಪೌಂಡೂ ಏರುವುದಿಲ್ಲವೇ? ತಾನು ಬರೆದ ಕೋಡ್ ಅವಳಿಗೆ ನೆನಪಾಯಿತು.

ಗೇಜಿನಿಂದ ಕಂಪ್ಯೂಟರಿಗೆ ಬರುವ ವೈರು ಕಡಿದರೆ ಸೊನ್ನೆಗಿಂತ ಕಡಿಮೆಯ ಒಂದು ಸಂಖ್ಯೆ ಬರುತ್ತದೆ; 'ಓದಲು ಆಗಲಿಲ್ಲ' ಎಂದು ಅದರ ಅರ್ಥ. ಅದನ್ನು ಪರೀಕ್ಷಿಸದೆ, ಏನೇ ಬಂದರೂ 'ಎಲ್ಲ ಸರಿ' ಎಂದು ಹಿಂದಿನ ಅಂಕಿಯನ್ನೇ ಉಳಿಸುವಂತೆ ಅವಸರದಲ್ಲಿ ಬರೆದಿದ್ದಳು. ವೈರು ಕಡಿದಿರಬೇಕು; ಪರದೆಯ ಮೇಲಿದ್ದದ್ದು ಯಾವಾಗಿನದೋ ಎಂಬತ್ತು.

"ಮೌನಪ್ಪಾ! ಗೇಜ್ ನೋಡು!"

ಅವನು ತಿರುಗಿದ. ಮುಳ್ಳು ಕೆಂಪು ಗೆರೆ ದಾಟಿತ್ತು. ಓಡಲಿಲ್ಲ, ಉಗಿ ಹೊರಬಿಡುವ ವಾಲ್ವಿನ ಸರಪಳಿ ಜಗ್ಗಿದ. ತುಕ್ಕು ಹಿಡಿದ ವಾಲ್ವ್ ಏಳಲಿಲ್ಲ. ಜೋತುಬಿದ್ದು ಜಗ್ಗಿದ. ಉಗಿ ಚೀರುತ್ತಾ ಹೊರಬಿತ್ತು, ಅವನು ಅದರೊಳಗೆ ಕಾಣದಾದ.

ಹೊರಗೆ ಬಂದಾಗ ಅವನ ಮುಂಗೈ ಸುಟ್ಟಿತ್ತು. ಅವಳು ನೀರು ಸುರಿಯುತ್ತಾ ಅತ್ತಳು. "ತಪ್ಪು ನಂದು. ಯಂತ್ರ 'ಓದಾಕ ಆಗ್ಲಿಲ್ಲ' ಅಂತಿತ್ತು, ನಾನೇ ಬಾಯಿ ಮುಚ್ಚಿಸಿದ್ದೆ. ಸಾವ್ಕಾರ್ರಿಗೂ ಹೇಳ್ತೀನಿ."

"ಕೆಲಸ ಹೋಗ್ತದ್ರಿ."

"ಹೋಗ್ಲಿ. ನೀ ಹೋಗಿದ್ರ?"

"ಮುಂಜಾನಿ ನೀವು ನಕ್ಕಿದ್ದನ್ನ ನಾ ಹೂಂ ಅಂತ ತಿಳಕೊಂಡಿದ್ದೆ. ತಪ್ಪೇನ್ರಿ?"

"ತಪ್ಪ. ಬಾಯಿಬಿಟ್ಟು ಹೇಳೋತನಕ ಏನೂ ತಿಳಕೋಬ್ಯಾಡ." ಸುಟ್ಟ ಕೈ ಬಿಡದೆ, ಅವನ ಕಣ್ಣಲ್ಲಿ ಕಣ್ಣಿಟ್ಟಳು. "ಹೂಂ. ನಿಮ್ಮವ್ವನ್ನ ಕಳಿಸು."

ಅವಳ ಹಿಂದೆ, ಕಿಟಕಿಯೊಳಗೆ, ಪರದೆ ಇನ್ನೂ ಎಂಬತ್ತು ತೋರಿಸುತ್ತಿತ್ತು.