ಐಸ್ ಪ್ಲಾಂಟಿನಲ್ಲಿ ದೇವಿ

ಬೊಲೆರೋದ ಬಂಪರ್ ನನ್ನ ಸ್ಕೂಟರಿನ ಹಿಂಬದಿಗೆ ಒಮ್ಮೆ ತಾಗಿತು.

ಇನ್ನೊಂದು ಸಲ ತಾಗಿದರೆ ನಾವಿಬ್ಬರೂ ಹೈವೇ ಡಿವೈಡರ್ ಮೇಲೆ!

"ಸೋಮಣ್ಣ, ಅವ್ರ್ ಬಿಡುದಿಲ್ಲ ಕಾಣಿ!" ಹಿಂದೆ ಕೂತಿದ್ದ ಸುಗುಣ ಕಿರುಚಿದಳು.

"ಬಾಯ್ ಮುಚ್ಕಂಡ್ ಗಟ್ಟಿ ಹಿಡ್ಕೋ!"

ಶನಿವಾರ ಮಧ್ಯಾಹ್ನ ಒಂದೂವರೆ. ಬ್ರಹ್ಮಾವರ ದಾಟಿದಾಗಿನಿಂದ ಆ ಬಿಳಿ ಬೊಲೆರೋ ಬೆನ್ನು ಹತ್ತಿತ್ತು. ಮುಂದಿನ ಸೀಟಿನಲ್ಲಿ ಗುಡ್ಡ ಎಂಬ ರೌಡಿ. ಅವನ ತೊಡೆಯ ಮೇಲೆ ಪೇಪರ್ ಸುತ್ತಿದ ಕಬ್ಬಿಣದ ರಾಡ್. ಪೇಪರ್ ಓದುವ ಅಭ್ಯಾಸ ಗುಡ್ಡನಿಗೆ ಇಲ್ಲ.

ನಾನು ಯಾರು ಅಂತ ಈಗಲೇ ಹೇಳಿಬಿಡುತ್ತೇನೆ, ಕೇಳಿ. ಮೈಕ್ ಸೋಮ. ಮುಂಬೈಯಲ್ಲಿ ಹದಿನಾರು ವರ್ಷ ಬಾರ್ ಕಾವಲು ಕಾದು, ಎರಡು ಹಲ್ಲು ಕಳಕೊಂಡು ಊರಿಗೆ ಬಂದವನು. ಈಗ ಮೈಕ್, ಶಾಮಿಯಾನ, ಪೊಲೀಸ್ ಪರ್ಮಿಷನ್ ಮೂರೂ ಒಂದೇ ಕೈಯಲ್ಲಿ. ಬೈಂದೂರಿನಿಂದ ಬ್ರಹ್ಮಾವರದ ತನಕ ಯಾರು ಯಾರಿಗೆ ಬೈಯಬೇಕಾದರೂ ನನ್ನ ಮೈಕಿನಲ್ಲೇ ಬೈಯಬೇಕು!

ಸುಗುಣ ಯಾರು? ಕುಂಭಾಶಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡವಳು. ಹುಟ್ಟಿದಾಗ ಊರು ಗಂಡು ಅಂದಿತ್ತು. ಅವಳು ಅಲ್ಲ ಅಂದಳು. ಅಷ್ಟೇ ಅವಳ ಅಪರಾಧ. ಅವಳ ಸಂಘದ ಹೆಸರು 'ನಾವೂ ಊರವರೇ'. ಮೆಂಬರುಗಳು ಹನ್ನೊಂದು ಜನ... ಇಬ್ಬರು ಹೋಟೆಲ್ ಸಪ್ಲೈಯರ್‌ಗಳು, ಒಬ್ಬ ಲೆಕ್ಚರರ್, ಒಟ್ಟಿಗೆ ಬದುಕಬೇಕೆಂದು ಮನೆ ಬಿಟ್ಟು ಬಂದ ಇಬ್ಬರು ಹುಡುಗಿಯರು... ಹೀಗೆ. ನಾಳೆ ಭಾನುವಾರ ಅವರ ಮೊದಲ ಬಹಿರಂಗ ಸಭೆ. ಎರಡು ತಿಂಗಳಲ್ಲಿ ಮೂರು ಹಾಲ್ ಬುಕ್ ಮಾಡಿದ್ದರು. ಮೂರರ ಮಾಲೀಕರಿಗೂ ಒಂದೇ ವಾರದಲ್ಲಿ ಅಜ್ಜಿ ಸತ್ತು ಸೂತಕ ಬಂತು!

ಉಳಿದದ್ದು ಕುಂದಾಪುರದ ಯುವಕ ಮಂಡಲದ ಮೈದಾನ. ಇನ್ಸ್‌ಪೆಕ್ಟರ್ ನನ್ನ ಅರ್ಜಿ ನೋಡಿ, "ಮೈದಾನ ಸಮಿತಿ ಅಧ್ಯಕ್ಷರ ಎನ್ಓಸಿ ತನ್ನಿ. ಇವತ್ತು ಸಂಜೆ ಐದರ ಒಳಗೆ," ಅಂದಿದ್ದರು.

ಅಧ್ಯಕ್ಷ ಯಾರು ಗೊತ್ತಾ? ಭೋಜ!

ಬೈಂದೂರಿನಲ್ಲಿ ಮನೆ, ಕುಂದಾಪುರದಲ್ಲಿ ಅಧ್ಯಕ್ಷಗಿರಿ, ಕೋಟದ ಹತ್ತಿರ ಐಸ್ ಪ್ಲಾಂಟ್, ಬಾಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಸಂಸ್ಕೃತಿ. ಒಂದು ತಿಂಗಳಿಂದ ಊರೂರು ಭಾಷಣ ಬಿಗಿಯುತ್ತಿದ್ದ. ಸೀರೆ ಉಟ್ಟ ಗಂಡಸರಿಂದ ಕರಾವಳಿ ಹಾಳಾಗುತ್ತದಂತೆ! ಅದೂ ನನ್ನ ಮೈಕಿನಲ್ಲೇ ಅನ್ನಿ.

ಅವನ ಒಂದು ಸಹಿ. ಅದಕ್ಕಾಗಿ ನಾವು ಅವನ ಮನೆಗೇ ಹೊರಟಿದ್ದೆವು. ಅವನ ಬೊಲೆರೋ ನಮ್ಮನ್ನು ಕರೆಯಲು ಅರ್ಧ ದಾರಿಗೆ ಬಂದಿತ್ತು!

ಸಾಲಿಗ್ರಾಮ ಬಂತು. ಸ್ಟಾಪಿನಲ್ಲಿ ಸರ್ವಿಸ್ ಬಸ್ಸೊಂದು ನಿಂತಿತ್ತು. ಗಕ್ಕನೆ ತಿರುಗಿಸಿ ಸ್ಕೂಟರನ್ನು ಅದರ ಮರೆಗೆ ನುಗ್ಗಿಸಿದೆ.

"ಹೆಲ್ಮೆಟ್ ತೆಗಿ! ಜಾಕೆಟ್ ತೆಗಿ! ಆ ಹೆಂಗಸ್ರ್ ಒಟ್ಟಿಗೆ ಹೋಯಿ ನಿಲ್ಲ್!"

ಮೊಣಕಾಲಿನ ತನಕ ಬರುವ ನನ್ನ ಹಳೇ ಜಾಕೆಟ್ ಕಳಚಿ ನನ್ನ ಮೇಲೆ ಎಸೆದಳು. ಹಸಿರು ಕಾಟನ್ ಸೀರೆ, ಕೈಯಲ್ಲಿ ತರಕಾರಿ ಚೀಲ. ಬಸ್ಸಿಗೆ ಕಾಯುವ ನಾಲ್ಕು ಹೆಂಗಸರ ನಡುವೆ ಐದನೆಯವಳಾಗಿ ನಿಂತಳು. ನಾನು ಬಸ್ಸಿನ ಚಕ್ರದ ಮರೆಯಲ್ಲಿ ಕೂತೆ.

ಬೊಲೆರೋ ನಿಂತಿತು. ಗುಡ್ಡ ಇಳಿದ. ನೇರ ಸುಗುಣಳ ಎದುರಿಗೇ ಬಂದ!

ನಾನು ಚಕ್ರಕ್ಕೆ ಇನ್ನಷ್ಟು ಅಂಟಿಕೊಂಡೆ.

"ಅಕ್ಕ, ಚೂರ್ ಬದಿಗ್ ನಿಲ್ಲಿ," ಅಂದ ಗುಡ್ಡ, ಬಹಳ ಮರ್ಯಾದೆಯಿಂದ. "ಇಲ್ಲೊಬ್ಬ ಸೀರಿ ಉಟ್ಟ ಗಂಡ್ಸ್ ಓಡಿ ಬಂದನ್ ಕಂಡ್ರ್ಯಾ?"

"ಇಲ್ಲಪ್ಪ," ಅಂದಳು ಸುಗುಣ. "ಹಾಂಗಿಪ್ಪ ಗಂಡ್ಸ್ ಇಲ್ಲಿ ಯಾರೂ ಇಲ್ಲ."

ಅವಳು ಒಂದಕ್ಷರ ಸುಳ್ಳು ಹೇಳಿರಲಿಲ್ಲ.

ಅಷ್ಟರಲ್ಲಿ ಎದುರಿನ ಹೋಟೆಲಿನಿಂದ ಊಟ ಮುಗಿಸಿ ಒಬ್ಬ ಹೊರಬಿದ್ದ. ಪ್ಯಾಂಟು, ಶರ್ಟು. ಆದರೆ ಬೆನ್ನಿನ ತನಕ ಕೂದಲು. ತೀಡಿದ ಹುಬ್ಬು. ಎರಡೂ ಕಿವಿಯಲ್ಲಿ ಓಲೆ. ಹೆಗಲ ಚೀಲದಿಂದ ಕೆಂಪು ಸೀರೆಯ ಅಂಚು ಇಣುಕುತ್ತಿತ್ತು.

"ಸಿಕ್ದ!" ಗುಡ್ಡ ಕೂಗಿದ. "ಸೀರಿ ಬಿಚ್ಚಿ ಚೀಲಕ್ಕೆ ತುಂಬ್ಸಿದ್ದ ಕಳ್ಳ!"

ರಾಡ್ ಬೀಸಿದ. ಹೊಡೆತ ಕಾಲಿಗೆ ಬಿತ್ತು. ಆ ಮನುಷ್ಯ ಕುಸಿದ. ಎತ್ತಿ ಒಳಗೆ ಹಾಕಿದರು. ಬಾಗಿಲು ಧಡ್! ಬೊಲೆರೋ ಮಾಯ!

ಸುಗುಣ ಓಡಿ ಬಂದಳು. "ಸೋಮಣ್ಣ... ಅದ್ ರತನ್! ನಮ್ಮ ಮೇಳದ ರತನ್!"

ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಯಕ್ಷಗಾನ ಮೇಳದಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುವುದು ಪದ್ಧತಿ. ರತನ್ ಈಗ ಆ ಮೇಳದ ಸ್ತ್ರೀವೇಷದ ರಾಜ. ಐದು ವರ್ಷದ ಹಿಂದಿನ ತನಕ ಆ ಜಾಗದಲ್ಲಿದ್ದವಳು ಸುಗುಣ! ಒಂದು ಬೆಳಗ್ಗೆ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ಮುಗಿದ ಮೇಲೂ ಅವಳು ಸೀರೆ ಬಿಚ್ಚಲಿಲ್ಲ. ನಾನು ಹೀಗೇ ಇರುವವಳು ಅಂದಳು. ಮೇಳದಿಂದ ಹೊರಗೆ ಹಾಕಿದರು.

"ಇವತ್ತ್ ರತನ್‌ಗೆ ಆಟ ಎಲ್ಲಿ?" ಅಂತ ಕೇಳಿದೆ.

"ಭೋಜಣ್ಣನ ಮನಿಯಂಗೆ. ಹರಕಿ ಆಟ. ರತನ್‌ದೇ ದೇವಿ."

ನಗು ತಡೆಯಲು ಆಗಲಿಲ್ಲ. ಚುನಾವಣೆಯ ಟಿಕೆಟ್ ಸಿಕ್ಕಿದರೆ ದೇವಿಯ ಆಟ ಆಡಿಸುತ್ತೇನೆ ಅಂತ ಹರಕೆ ಹೊತ್ತವನು ಭೋಜ. ಟಿಕೆಟ್ ಸಿಕ್ಕಿತ್ತು. ದೇವಿಯ ಕಾಲಿಗೆ ಅವನ ಜನರೇ ರಾಡ್ ಬೀಸಿದ್ದರು!

"ನಗ್‌ಬ್ಯಾಡಿ," ಸುಗುಣ ಗದರಿದಳು. "ನಂಗೆ ಬೀಳುದ್ ಅವ್ನಿಗೆ ಬಿದ್ದಿತ್. ಮೊದ್ಲ್ ಅವ್ನನ್ನ ಬಿಡ್ಸಿ. ಸಭೆ ಆಮೇಲೆ."

ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಅವಳನ್ನು ಕುಂದಾಪುರದಲ್ಲಿ ಇಳಿಸಿ ಬೈಂದೂರಿಗೆ ಹಾರಿದೆ. ಗುಡ್ಡ ಹಿಡಿದವರನ್ನು ಕೂಡಿಹಾಕುವುದು ಭೋಜನ ಐಸ್ ಪ್ಲಾಂಟಿನಲ್ಲೇ ಅಂತ ಊರಿಗೇ ಗೊತ್ತು. ಅದರ ಬೀಗ ತೆಗೆಸುವ ಬಾಯಿ ಬೈಂದೂರಿನಲ್ಲಿ ಮಾತ್ರ ಇತ್ತು.

ಮೂರೂವರೆಗೆ ಭೋಜನ ಮನೆ ಸೇರಿದೆ. ಅಂಗಳದಲ್ಲಿ ರಂಗಸ್ಥಳ ಸಿದ್ಧ. ಆರೂವರೆಗೆ ಶುರು, ಹತ್ತಕ್ಕೆ ಮಂಗಳ... ಕಾಲಮಿತಿ ಆಟ. ಮೇಳದ ಮ್ಯಾನೇಜರ್ ಮಂಜಯ್ಯ ಫೋನ್ ಕಿವಿಗಿಟ್ಟು ಅತ್ತಿಂದಿತ್ತ ಓಡಾಡುತ್ತಿದ್ದರು.

"ಹ್ವಾಯ್ ಸೋಮ! ಮೈಕ್ ಸಮ ಇತ್ತಾ?" ಭೋಜ ರೇಷ್ಮೆ ಪಂಚೆಯಲ್ಲಿ ಮಿಂಚುತ್ತಿದ್ದ.

"ಮೈಕ್ ಸಮ ಇತ್ತ್ ಭೋಜಣ್ಣ. ಇದಕ್ಕೊಂದ್ ಸೈನ್ ಬೇಕಿತ್." ಎನ್ಓಸಿ ಫಾರ್ಮ್ ಮುಂದೆ ಹಿಡಿದೆ.

ಭೋಜ ಹೊಟ್ಟೆ ಕುಣಿಸಿ ನಕ್ಕ. "ಎಂತ ಸಭೆ ಮಾರಾಯ? ಆ ಸುಗುಣ ಸೋಮವಾರದ ತನಕ ಐಸ್ ಒಟ್ಟಿಗೆ ತಣ್ಣಗೆ ಕೂಕಂತ!"

"ಹೌದಾ?" ಫೋನ್ ತೆಗೆದೆ. ಸ್ಪೀಕರ್ ಹಾಕಿದೆ. "ಸುಗುಣ, ಎಲ್ಲಿದ್ದೆ?"

"ಶಾಸ್ತ್ರಿ ಸರ್ಕಲ್ ಹತ್ರ, ಚಾ ಕುಡಿತಾ ಇದ್ದೆ. ರತನ್ ಸಿಕ್ದನಾ?"

ಭೋಜನ ನಗು ಅರ್ಧಕ್ಕೇ ನಿಂತಿತು. "ಹಂಗಾರೆ... ಐಸ್ ಪ್ಲಾಂಟಂಗೆ ಇಪ್ಪುದ್ ಯಾರ್?"

"ನಿಮ್ಮ ದೇವಿ," ಅಂದೆ.

ಭೋಜ ಗುಡ್ಡನಿಗೆ ವಿಡಿಯೋ ಕಾಲ್ ಮಾಡಿದ. ಸ್ಕ್ರೀನಿನಲ್ಲಿ ಮೀನಿನ ಕ್ರೇಟ್ ಮೇಲೆ ರತನ್. ಪಾದ ಊದಿ ತೆಂಗಿನಕಾಯಿ ಆಗಿತ್ತು.

"ಅಣ್ಣ, ಇವ್ನ್ ಭಾರಿ ಕಿಲಾಡಿ!" ಗುಡ್ಡ ಹೆಮ್ಮೆಯಿಂದ ವರದಿ ಕೊಟ್ಟ. "ಇವತ್ತ್ ನಾನೇ ದೇವಿ ಅಂತ. ಹಂಗಾರೆ ನಾನ್ ಬ್ರಹ್ಮ ಅಂದೆ!"

"ಅಯ್ಯೋ ಪಾಪಿ! ನಮ್ಮ ರತನ್ ಅಲ್ದಾ ಅದ್!" ಮಂಜಯ್ಯ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು.

ಗುಡ್ಡ ತಿರುಗಿ ನೋಡಿದ. ಪಾಪ, ಪ್ರತಿ ವರ್ಷ ರತನ್ ಜೊತೆ ಸೆಲ್ಫಿ ತೆಗೆಸಿಕೊಳ್ಳುವವನು. ಆದರೆ ಬಣ್ಣ ಹಚ್ಚಿದಾಗ ಮಾತ್ರ! ಮರುಕ್ಷಣ ಫೋನ್ ನೆಲಕ್ಕೆ ಬಿತ್ತು. ಗುಡ್ಡ ಆ ಊದಿದ ಪಾದಕ್ಕೇ ಬಿದ್ದು ಗೋಳೋ ಅಂತ ಅಳುವುದು ಕೇಳಿಸಿತು.

"ಅವ್ನನ್ನ ಆಸ್ಪತ್ರಿಗೆ ಕರ್ಕಂಡ್ ಹೋಗ್!" ಭೋಜ ಅರಚಿದ. ಆಮೇಲೆ ಮಂಜಯ್ಯನ ಕಡೆ ತಿರುಗಿದ. "ಬೇರೆ ಯಾರನ್ನಾರೂ ತರ್ಸಿ!"

"ಎಲ್ಲಿಂದ ತರ್ಸುದ್? ಸೀಸನ್. ಎಲ್ಲರೂ ಒಂದೊಂದ್ ಕಡಿ ಆಟದಂಗೆ ಇದ್ರ್. ನಮ್ಮ ಮೇಳದ ಪದ್ಯ, ಕುಣಿತ ಪೂರಾ ಗೊತ್ತಿಪ್ಪುದ್ ಇನ್ನೊಬ್ರಿಗೆ ಮಾತ್ರ..." ಮಂಜಯ್ಯ ನನ್ನ ಫೋನನ್ನು ನೋಡಿದರು.

ಕಾಲ್ ಇನ್ನೂ ಕಟ್ ಆಗಿರಲಿಲ್ಲ.

"ಕೇಂಡ್ಯಾ ಸುಗುಣ?" ಅಂದೆ.

ಆಚೆ ಕಡೆ ಬಸ್ಸಿನ ಹಾರ್ನ್ ಕೇಳಿಸಿತು.

"ರತನ್‌ನನ್ನ ಆಸ್ಪತ್ರಿಗೆ ಸೇರ್ಸಿದ್ರಂದ್ ಗೊತ್ತಾದ್ರೆ ಬತ್ತೆ," ಅಂದಳು. "ದೇವಿ ವೇಷ ಅಲ್ದಾ... ಅದಕ್ಕೆ ನಾನ್ ದುಡ್ ಕೇಂತಿಲ್ಲೆ. ಆರೆ ಮಂಜಯ್ಯ, ಅವತ್ತ್ ನಂಗೆ ಎಂತ ಹೇಳಿದ್ರಿ? ನೆನಪಿತ್ತಾ?"

ಮಂಜಯ್ಯ ನೆಲ ನೋಡಿದರು. "ನೀನ್ ಹೆಂಗ್ಸಾದ್ರೆ ಮೇಳದಂಗೆ ಜಾಗ ಇಲ್ಲ... ಅಂದಿದ್ದೆ."

ನೋಡಿ ಊರಿನ ನ್ಯಾಯ! ರೇಷನ್ ಅಂಗಡಿ, ಬಸ್ಸು, ಆಸ್ಪತ್ರೆ, ಎಲ್ಲಿಯೂ ಅವಳನ್ನು ಹೆಂಗಸು ಅಂತ ಯಾರೂ ಒಪ್ಪಿರಲಿಲ್ಲ. ಮೊದಲು ಒಪ್ಪಿದವರು ಇವರು. ಒಪ್ಪಿದ್ದು ಯಾಕೆ? ಹೊರಗೆ ಹಾಕಲು!

"ಇವತ್ತ್ ಒಂದ್ ದಿನ ಗಂಡ್ಸ್ ಅಂದೇಳಿ ಬರ್ಲಿ," ಭೋಜ ದಾರಿ ಹುಡುಕಿದ. "ಯಾರಿಗೂ ಗೊತ್ತಾತಿಲ್ಲ."

"ನಂಗೆ ಗೊತ್ತಾತ್," ಅಂದಳು ಸುಗುಣ. "ಸೋಮಣ್ಣ, ನಿಮ್ಮ ಫಾರ್ಮಂಗೆ ನನ್ನ ಹೆಸ್ರ್ ಮುಂದೆ ಎಂತ ಇತ್ತ್?"

ನಾನು ಗಟ್ಟಿಯಾಗಿ ಓದಿದೆ. "ಶ್ರೀ, ಶ್ರೀಮತಿ, ಕುಮಾರಿ... ಅನ್ವಯವಾಗದ್ದನ್ನು ಹೊಡೆದು ಹಾಕಿ."

"ಭೋಜಣ್ಣನೇ ಹೊಡ್ದ್ ಹಾಕ್ಲಿ. ಅದ್ರ್ ಮೇಲೆ ಬಪ್ಪುದೋ ಬ್ಯಾಡ್ದೋ ಹೇಳ್ತೆ."

ಭೋಜ ಕೆಂಪಾದ. ನನ್ನ ಕಾಲರ್ ಹಿಡಿದ. "ಕಾಲ್ ಮುರಿತೆ ಸೋಮ!"

"ಇವತ್ತಿನ ಕೋಟಾ ಮುಗ್ದಿತ್ ಭೋಜಣ್ಣ," ಅಂದೆ. "ನಾಕ್ ಗಂಟಿ ಆಯ್ತ್. ಬಣ್ಣಕ್ಕೇ ಎರಡ್ ಗಂಟಿ ಬೇಕ್. ಹರಕಿ ತಪ್ಪಿದ್ರೆ ಟಿಕೆಟ್ ಕೊಟ್ಟ ದೇವಿ ಎಂತ ಮಾಡ್ತಳ್, ನಂಗೆ ಗೊತ್ತಿಲ್ಲ."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದರು. ಒಳಗೆ ಹೋಗಿ ಪೆನ್ ತಂದು ಗಂಡನ ಕೈಗೆ ಕೊಟ್ಟರು.

ಕಾಲರ್ ಸಡಿಲವಾಯಿತು. ಭೋಜ ಪೆನ್ನನ್ನು ರಾಡಿನ ಹಾಗೆ ಹಿಡಿದು 'ಶ್ರೀ'ಯನ್ನು ಹೊಡೆದು ಹಾಕಿದ. 'ಶ್ರೀಮತಿ'ಯನ್ನೂ ಹೊಡೆದು ಹಾಕಿದ. ಕೆಳಗೆ ಸಹಿ.

ಫೋಟೋ ತೆಗೆದು ಸುಗುಣಳಿಗೆ ಕಳಿಸಿದೆ. ಗುಡ್ಡನೂ ಆಸ್ಪತ್ರೆಯಿಂದ ರತನ್‌ನ ಫೋಟೋ ಕಳಿಸಿದ್ದ. ಕಾಲಿಗೆ ಬ್ಯಾಂಡೇಜ್, ಪಕ್ಕದಲ್ಲಿ ಗುಡ್ಡ ಮುಸುಂಬಿ ಸುಲಿಯುತ್ತಿದ್ದಾನೆ.

"ಬತ್ತೆ," ಅಂತ ಒಂದೇ ಮೆಸೇಜ್ ಬಂತು.

ನಾಲ್ಕು ಐವತ್ತೈದಕ್ಕೆ ಎನ್ಓಸಿ ಸ್ಟೇಷನ್ನಿನ ಮೇಜಿನ ಮೇಲೆ! ಇನ್ಸ್‌ಪೆಕ್ಟರ್ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. ಭೋಜನಿಗೆ ಫೋನ್ ಮಾಡಿದರು. ಆಮೇಲೆ ನನ್ನನ್ನು ನೋಡಿ, "ನಿನಗೆ ಜ್ವರ ಗಿರ ಇಲ್ಲವಲ್ಲ?" ಅಂದರು. ಪರ್ಮಿಷನ್ ಕೊಟ್ಟರು.

ನಾನು ಬೈಂದೂರಿಗೆ ಮರಳಿದಾಗ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಚಪ್ಪರದಲ್ಲಿ, ಸುಗುಣ ಕೈಕನ್ನಡಿ ಹಿಡಿದು ಹುಬ್ಬು ಬರೆಯುತ್ತಿದ್ದಳು. ಮಂಜಯ್ಯ ಕಿರೀಟ ಹಿಡಿದು ನಿಂತಿದ್ದರು.

"ಐದ್ ವರ್ಷ ಆಯ್ತ್ ಸೋಮಣ್ಣ," ಅಂದಳು. "ಕೈ ಮರ್ತಿಲ್ಲ."

ಹಲ್ಲು ಮುರಿದಾಗ ಅಳದವನು ನಾನು. ಆಗ ಕಣ್ಣು ತುಂಬಿತು. ಮೈಕ್ ನೋಡಿ ಬರುತ್ತೇನೆ ಅಂತ ಹೊರಗೆ ಹೋದೆ.

ಆಟ ಹೇಗಿತ್ತು? ಕೇಳಲೇಬೇಡಿ! ದೇವಿ ರಂಗಸ್ಥಳಕ್ಕೆ ಕಾಲಿಟ್ಟಳು, ಸಾವಿರ ಜನ ಎದ್ದು ನಿಂತರು. ಮೊದಲ ಸಾಲಿನಲ್ಲಿ ಪಕ್ಷದ ದೊಡ್ಡವರೆಲ್ಲ ಇದ್ದರು. ಮುಗಿದ ಮೇಲೆ ಹರಕೆ ಹೊತ್ತವರು ಚೌಕಿಗೆ ಬಂದು ದೇವಿಯ ಕೈಯಿಂದ ಪ್ರಸಾದ ತೆಗೆದುಕೊಳ್ಳುವುದು ಪದ್ಧತಿ. ಭೋಜ ಹೆಂಡತಿಯ ಜೊತೆ ಬಂದ. ಬಗ್ಗಿದ. ತಲೆಯ ಮೇಲೆ ಸುಗುಣ ಕೈ ಇಟ್ಟಳು.

ಅವಳು ಕೈ ತೆಗೆಯಲು ಅವಸರ ಮಾಡಲಿಲ್ಲ. ನೂರು ಮೊಬೈಲುಗಳು ಮಿಂಚಿದವು.

ಆಮೇಲೆ ಅವಳು ಬಣ್ಣ ಒರೆಸಿ, ದೇವಿಯ ಸೀರೆ ಮಡಚಿಟ್ಟು, ತನ್ನ ಹಸಿರು ಕಾಟನ್ ಸೀರೆ ಉಟ್ಟು ಹೊರಟಳು. ಈ ಸಲ ಮಂಜಯ್ಯ ತಡೆಯಲಿಲ್ಲ. ದಾರಿ ಬಿಟ್ಟರು.

ಭಾನುವಾರ ಹತ್ತು ಗಂಟೆ. ಮೈದಾನದಲ್ಲಿ ಐವತ್ತು ಕುರ್ಚಿ ಹಾಕಿದ್ದೆ. ಬಂದದ್ದು ಐನೂರು ಜನ! ಅರ್ಧ ಜನ ನಿನ್ನೆಯ ದೇವಿಯನ್ನು ನೋಡಲು ಬಂದವರು. ಇರಲಿ ಬಿಡಿ, ಕಿವಿ ಮನೆಯಲ್ಲಿ ಬಿಟ್ಟು ಬಂದಿರಲಿಲ್ಲವಲ್ಲ. ಆ ಇಬ್ಬರು ಹುಡುಗಿಯರು ಕೈ ಹಿಡಿದುಕೊಂಡು ವೇದಿಕೆ ಹತ್ತಿದಾಗ ಒಬ್ಬನೂ ಕಲ್ಲೆಸೆಯಲಿಲ್ಲ. ಮುಂದಿನ ಸಾಲಿನಲ್ಲಿ ಊರುಗೋಲು ಹಿಡಿದ ರತನ್. ಅವನಿಗೆ ಕೊಡೆ ಹಿಡಿದು ನಿಂತವನು ಗುಡ್ಡ.

ಸುಗುಣ ಮಾತಿಗೆ ನಿಂತಳು. ನನ್ನ ಫೋನ್ ನಡುಗಿತು. ಭೋಜ!

"ಸೋಮ, ಆ ಫೋಟೋ ಎಲ್ಲ ಕಡಿ ಹೋಯ್ತ್ ಮಾರಾಯ! ಮೇಲಿನವ್ರ್ ಬಾಯಿಗ್ ಬಂದಾಂಗೆ ಬೈತಾ ಇದ್ರ್. ನಾನ್ ಕೈ ಮುಗ್ದದ್ ವೇಷಕ್ಕೆ, ಅವ್ಳಿಗಲ್ಲ ಅಂದೇಳಿ ಮೈಕಂಗೆ ಒಂದ್ ಮಾತ್ ಹೇಳುಕೆ ಈಗಳೇ ಬತ್ತೆ. ಎರಡೇ ನಿಮಿಷ!"

'ಅವ್ಳು' ಅಂದಿದ್ದ. ಅವನಿಗೇ ಗೊತ್ತಾಗಲಿಲ್ಲ.

"ಬನ್ನಿ ಭೋಜಣ್ಣ, ಬಪ್ಪುಕೆ ಎಂತ ತೊಂದ್ರಿ?" ಅಂದೆ. "ಆರೆ ಇವತ್ತ್ ಮೈಕ್ ಅವ್ರ್ ಹೆಸ್ರಂಗೆ ಇತ್ತ್... ಕುಮಾರಿ ಸುಗುಣ ಅವ್ರದ್ ಒಂದ್ ಎನ್ಓಸಿ ತಕಂಡ್ ಬನ್ನಿ!"